ಹನ್ನೊಂದು ತಿಂಗಳ ಪ್ರಜೆಗಳು

ಹೂವಿನ ಅಜ್ಜಿ ಚರಂಡಿಗೆ ಬಿದ್ದ ದಿನ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ 214 ಜನ ಇದ್ದರು.

ಸಂಜೆ ಏಳರ ಹೊತ್ತು. ಜೋರು ಮಳೆ ಬಂದು ನಿಂತಿತ್ತು, ಕರೆಂಟ್ ಹೋಗಿತ್ತು, ರಸ್ತೆಯ ನೀರು ಫುಟ್‌ಪಾತ್ ಮೇಲೆ ಹರಿಯುತ್ತಿತ್ತು. ಅಜ್ಜಿ ಮಾರಿ ಉಳಿದ ಎರಡು ಮೊಳ ಸೇವಂತಿಗೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಮನೆಗೆ ಹೊರಟಿದ್ದರು. ಚಪ್ಪಡಿ ಇದೆ ಅಂದುಕೊಂಡು ಕಾಲಿಟ್ಟ ಕಡೆ ಚಪ್ಪಡಿ ಇರಲಿಲ್ಲ. ಇಸ್ತ್ರಿ ಅಂಗಡಿಯವರೂ ಊಟ ತಂದುಕೊಡುವ ಡೆಲಿವರಿ ಹುಡುಗನೊಬ್ಬನೂ ಸೇರಿ ಮೇಲೆತ್ತಿದರು. ಸೊಂಟದ ಮೂಳೆ ಮುರಿದಿತ್ತು.

ಆ ರಾತ್ರಿ ಗುಂಪಿನಲ್ಲಿ ‘ಅಯ್ಯೋ ಪಾಪ’, ‘ಬೇಗ ಗುಣವಾಗಲಿ’, ಸಾಲು ಸಾಲು ಕೈಮುಗಿದ ಚಿತ್ರಗಳು, ವ್ಯವಸ್ಥೆಗೆ ಒಂದಿಷ್ಟು ಹಿಡಿಶಾಪ. ಹತ್ತೂವರೆಗೆ ಯಾರೋ ಮಾರಾಟಕ್ಕಿರುವ ಸೋಫಾದ ಫೋಟೋ ಹಾಕಿದರು. ಅಲ್ಲಿಗೆ ಅಜ್ಜಿಯ ಕಥೆ ಮುಗಿಯಿತು.

ನನಗೆ ನಿದ್ದೆ ಬರಲಿಲ್ಲ. ಗುಂಪಿನ ಹಳೆಯ ಮೆಸೇಜುಗಳನ್ನು ನೋಡುತ್ತಾ ಹೋದೆ. ಒಂಬತ್ತು ವಾರದ ಹಿಂದೆ ಅದೇ ಚಪ್ಪಡಿಯ ಫೋಟೋ ಇತ್ತು. ಕೇಬಲ್ ಎಳೆಯಲು ಅಗೆದವರು ಮುರಿದು ಹಾಗೇ ಬಿಟ್ಟುಹೋಗಿದ್ದರು. ಫೋಟೋ ಕೆಳಗೆ ‘ಯಾರಾದ್ರೂ ಕಂಪ್ಲೇಂಟ್ ಕೊಡಿ ಪ್ಲೀಸ್’ ಅಂತ ಬರೆದಿತ್ತು.

ಬರೆದವಳು ನಾನೇ.

ಆ ‘ಯಾರಾದ್ರೂ’ ಅನ್ನೋ ಪದದ ಮೇಲೆ ನನಗೆ ಸಿಟ್ಟಿದೆ. ಮೊದಲ ಸಿಟ್ಟು ನನ್ನ ಮೇಲೆ. ಎರಡನೆಯದು, ಕ್ಷಮಿಸಿ, ನಿಮ್ಮ ಮೇಲೆ. ನೀವು ಅಂದರೆ ನನ್ನ ಹಾಗೆ ಬೇರೆ ಊರಿಂದ ಬಂದು, ಈ ನಗರದಲ್ಲಿ ದುಡಿದು, ಬಾಡಿಗೆ ಮನೆಯಲ್ಲಿದ್ದು, ಬೀದಿಯ ಮಾತು ಬಂದಾಗ ‘ನಮ್ಮದು ಬಾಡಿಗೆ ಮನೆ ತಾನೆ, ಊರ ಉಸಾಬರಿ ನಮಗ್ಯಾಕೆ’ ಅನ್ನುವವರು. ಮೂರನೆಯದು ನಮ್ಮ ಬಡಾವಣೆಗಳ ಕ್ಷೇಮಾಭಿವೃದ್ಧಿ ಸಂಘಗಳ ಮೇಲೆ. ಈ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ.

ನಾನು ಶಿವಮೊಗ್ಗ ಕಡೆಯವಳು. ಒಂಬತ್ತು ವರ್ಷದಲ್ಲಿ ಬೆಂಗಳೂರಲ್ಲಿ ಐದು ಮನೆ ಬದಲಿಸಿದ್ದೇನೆ. ಐದಕ್ಕೂ ಹನ್ನೊಂದು ತಿಂಗಳ ಕರಾರು. ಹನ್ನೊಂದೇ ಯಾಕೆ ಗೊತ್ತಲ್ಲ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ರಿಜಿಸ್ಟರ್ ಮಾಡಿಸಲೇಬೇಕು. ಆ ಖರ್ಚು, ಆ ಓಡಾಟ ಬೇಡ ಅಂತ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಅಷ್ಟೇ ವಿಷಯ. ಒಂದು ಕಾಗದದ ಖರ್ಚು ಉಳಿಸಲು ಹುಟ್ಟಿದ ಈ ಲೆಕ್ಕ ನಿಧಾನಕ್ಕೆ ನಮ್ಮ ತಲೆಯೊಳಗೂ ಹೊಕ್ಕಿದೆ. ಮೂರು ಸಲ ಕರಾರು ಮುಂದುವರಿಸಿ ನಾಲ್ಕನೇ ವರ್ಷ ಅದೇ ಮನೆಯಲ್ಲಿದ್ದರೂ ನಾವು ನಾಳೆ ಹೋಗುವವರ ಥರಾನೇ ಬದುಕುತ್ತೇವೆ. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ಕಸದ ಗಾಡಿಯವರ ಮುಖ ಗೊತ್ತಿಲ್ಲ. ನಮ್ಮ ವಾರ್ಡ್ ಯಾವುದು ಅಂದರೆ ಗೂಗಲ್ ಮಾಡಬೇಕು. ಆದರೆ ಹತ್ತು ನಿಮಿಷದಲ್ಲಿ ದಿನಸಿ ತಂದುಕೊಡುವ ಆ್ಯಪ್‌ಗಳಲ್ಲಿ ಯಾವುದು ಎರಡು ನಿಮಿಷ ಬೇಗ ಬರುತ್ತೆ ಅಂತ ಬಾಯಿಪಾಠ.

ಅಜ್ಜಿ ಬಿದ್ದ ವಾರ ನಾನು ಸಂಘದ ಅಧ್ಯಕ್ಷರ ಮನೆಗೆ ಹೋದೆ. ಎಪ್ಪತ್ತು ದಾಟಿದ, ಸಜ್ಜನ ಮನುಷ್ಯ. ಕಾಫಿ ಕೊಟ್ಟರು. ‘ಸರ್, ಚರಂಡಿ ವಿಷಯಕ್ಕೆ ಒಂದು ಮೀಟಿಂಗ್ ಕರೀರಿ, ನಾನೂ ಬರ್ತೀನಿ’ ಅಂದೆ.

‘ಬೈಲಾ ಪ್ರಕಾರ ಮನೆ ಮಾಲೀಕರಿಗೆ ಮಾತ್ರ ಸದಸ್ಯತ್ವ ಕಣಮ್ಮ. ತಪ್ಪು ತಿಳ್ಕೋಬೇಡಿ. ನೀವು ಇವತ್ತು ಇರ್ತೀರಿ, ನಾಳೆ ಇನ್ನೆಲ್ಲೋ ಹೋಗ್ತೀರಿ. ಜವಾಬ್ದಾರಿ ಯಾರು ಹೊರೋದು?’

‘ನಮ್ಮ ಓನರ್ ಮೆಂಬರಾ ಸರ್?’

‘ಹೌದಲ್ಲ, ಮೊದಲಿಂದಲೂ.’

ನಮ್ಮ ಓನರ್ ದುಬೈಯಲ್ಲಿದ್ದಾರೆ. ವರ್ಷಕ್ಕೆ ಒಮ್ಮೆ ಬಂದು ನೀರಿನ ಟ್ಯಾಂಕ್ ನೋಡಿ ಹೋಗುತ್ತಾರೆ. ಆ ಚಪ್ಪಡಿಯ ಮೇಲೆ ಅವರು ಕಾಲಿಟ್ಟಿದ್ದೇ ಇಲ್ಲ. ದಿನಕ್ಕೆ ನಾಲ್ಕು ಸಲ ಅದನ್ನು ದಾಟುವ ನನಗೆ ಮತವಿಲ್ಲ, ಎರಡೂವರೆ ಸಾವಿರ ಕಿಲೋಮೀಟರಿಗೂ ದೂರ ಇರುವ ಅವರಿಗಿದೆ.

ಇದನ್ನು ನಮ್ಮ ದೇಶದ ಚುನಾವಣಾ ಕಾನೂನಿನ ಪಕ್ಕ ಇಟ್ಟು ನೋಡಿ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಮತದಾರ ಆಗಲು ಕ್ರಯಪತ್ರ ಕೇಳುವುದಿಲ್ಲ. ನೀವು ಆ ಕ್ಷೇತ್ರದ ಸಾಮಾನ್ಯ ನಿವಾಸಿ ಆಗಿರಬೇಕು, ಅಷ್ಟೇ. ಅಲ್ಲಿಗೂ ನಿಲ್ಲದೆ, ಬರೀ ಒಂದು ಮನೆಯ ಮಾಲೀಕ ಅನ್ನೋ ಕಾರಣಕ್ಕೆ ಯಾರನ್ನೂ ಅಲ್ಲಿನ ನಿವಾಸಿ ಅಂತ ಪರಿಗಣಿಸುವಂತಿಲ್ಲ ಅಂತಲೂ ಹೇಳುತ್ತದೆ. ಅಂದರೆ ದೇಶದ ಪ್ರಧಾನಿಯನ್ನು ಆರಿಸುವ ಲೋಕಸಭೆಗೆ ಬಾಡಿಗೆದಾರ ವೋಟು ಹಾಕಬಹುದು. ಬೀದಿಯ ಚರಂಡಿ ಬಗ್ಗೆ ಕೈಯೆತ್ತಲು ಮಾತ್ರ ಸೈಟು ಇರಬೇಕು! ಹೀಗೆ ನಡೆಯುವ ಸಂಘ ಆಸ್ತಿವಂತರ ಕ್ಲಬ್ಬು. ಬೋರ್ಡಿನ ಮೇಲೆ ‘ನಿವಾಸಿಗಳ’ ಅನ್ನೋ ಪದ ಯಾಕೆ ಬರೆಸಿದ್ದಾರೋ ಗೊತ್ತಿಲ್ಲ.

ಆ ಕ್ಲಬ್ಬಿಗೆ ಎಂಥ ಕೆಲಸಗಳು ಹೊಳೆಯುತ್ತವೆ ನೋಡಿ. ಬ್ಯಾಚುಲರ್ಸ್‌ಗೆ ಮನೆ ಕೊಡಬೇಡಿ. ತಳ್ಳುಗಾಡಿಯವರನ್ನು ಎಬ್ಬಿಸಿ. ಸಾರ್ವಜನಿಕ ರಸ್ತೆಗೆ ಗೇಟು ಹಾಕಿಸಿ. ಬೀದಿ ವ್ಯಾಪಾರಿಗಳ ಬದುಕನ್ನು ಕಾಪಾಡಲೆಂದೇ 2014ರಲ್ಲಿ ಕೇಂದ್ರದ ಕಾಯ್ದೆ ಬಂದಿದೆ, ಅದನ್ನು ಸಂಘದ ಸಭೆಯಲ್ಲಿ ಹೇಳಿ ನೋಡಿ, ನಿಮ್ಮನ್ನು ಎಡಪಂಥೀಯರು ಅಂದಾರು. ಯಾರು ಒಳಗೆ ಕೂತಿರುತ್ತಾರೋ ಅವರ ಸಮಸ್ಯೆ ಮಾತ್ರ ಬೀದಿಯ ಸಮಸ್ಯೆಯಾಗುತ್ತದೆ. ನಡೆದು ಓಡಾಡುವವರು ಸಭೆಯಲ್ಲಿ ಇಲ್ಲ, ಹಾಗಾಗಿ ಫುಟ್‌ಪಾತು ಅಜೆಂಡಾದಲ್ಲಿ ಇಲ್ಲ. ಅಜ್ಜಿ ಬಿದ್ದದ್ದು ಬರೀ ಮಳೆಯಿಂದಲ್ಲ.

ಹಾಗಂತ ಆ ಹಿರಿಯರನ್ನು ಹೀಗಳೆಯುವುದು ಸುಲಭ, ಅದು ನ್ಯಾಯವೂ ಅಲ್ಲ. ನಮ್ಮ ಬಡಾವಣೆಗೆ ಕಾವೇರಿ ನೀರು, ಒಳಚರಂಡಿ, ಬಸ್ಸು ಬಂದದ್ದು ಅವರು ಚಪ್ಪಲಿ ಸವೆಸಿದ್ದರಿಂದ. ಆವತ್ತು ನಾವು ಶಾಲೆಯಲ್ಲಿದ್ದೆವು. ಬಾಡಿಗೆಯವರು ಬರುವುದಿಲ್ಲ ಅನ್ನೋ ಅವರ ದೂರೂ ಪೂರ್ತಿ ಸುಳ್ಳಲ್ಲ. ನಾವು ಬರುವುದೇ ಇಲ್ಲ. ಬಾಗಿಲು ಮುಚ್ಚಿದೆ ಅಂತ ನಾವು, ಯಾರೂ ತಟ್ಟಲಿಲ್ಲ ಅಂತ ಅವರು. ಮಧ್ಯೆ ಚಪ್ಪಡಿ ಇಲ್ಲದ ಚರಂಡಿ.

ನಮ್ಮ ನೆಪಗಳನ್ನೇ ಒಂದೊಂದಾಗಿ ನೋಡೋಣ.

‘ಟೈಮ್ ಎಲ್ಲಿದೆ?’ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಷ್ಟರಲ್ಲಿ ಜೀವ ಹೋಗಿರುತ್ತೆ, ಒಪ್ಪಿದೆ. ನಾನು ಕೇಳುತ್ತಿರುವುದು ವಾರಕ್ಕೆ ಅರ್ಧ ಗಂಟೆ. ರೀಲ್ಸ್ ನೋಡುವ ಲೆಕ್ಕ ಫೋನೇ ಕೊಡುತ್ತೆ, ಒಮ್ಮೆ ತೆಗೆದು ನೋಡಿ.

‘ಟ್ಯಾಕ್ಸ್ ಕಟ್ತೀವಲ್ಲ, ಅದು ಸರ್ಕಾರದ ಕೆಲಸ.’ ನೂರಕ್ಕೆ ನೂರು ನಿಜ. ಅದಕ್ಕೇ ನಾವೇ ಸಿಮೆಂಟ್ ತಂದು ಗುಂಡಿ ಮುಚ್ಚಿ ಸೆಲ್ಫಿ ತೆಗೆದುಕೊಳ್ಳುವುದಕ್ಕೆ ನನ್ನ ವಿರೋಧವಿದೆ. ಸಂಬಳ ತೆಗೆದುಕೊಳ್ಳುವವರ ಕೆಲಸವನ್ನು ನಾವು ಪುಕ್ಕಟೆ ಮಾಡಿದರೆ ಅವರಿಗೆ ರಜೆ ಕೊಟ್ಟ ಹಾಗೆ. ಬೀದಿಯ ಗುಂಪಿನ ಕೆಲಸ ಚಪ್ಪಡಿ ಹಾಕುವುದಲ್ಲ, ಹಾಕಬೇಕಾದವರಿಂದ ಹಾಕಿಸುವುದು. ಒಬ್ಬ ಹೋಗಿ ಕೇಳಿದರೆ ‘ನೋಡೋಣ’ ಅಂತಾರೆ. ಎಂಟು ಜನ ಪ್ರತಿ ವಾರ ಹೋಗಿ ಕೇಳಿದರೆ ನೋಡಲೇಬೇಕಾಗುತ್ತೆ.

‘ಕಾರ್ಪೊರೇಟರ್‌ಗೆ ಹೇಳಿದ್ರಾಯ್ತು.’ ಯಾವ ಕಾರ್ಪೊರೇಟರ್? ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. 2025 ಕಳೆಯುವವರೆಗೂ ಹೊಸಬರನ್ನು ಆರಿಸುವ ಚುನಾವಣೆಯೇ ನಡೆಯಲಿಲ್ಲ. ಈ ನಡುವೆ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ನಗರಗಳಿಗೆ ಸ್ವಂತ ಆಡಳಿತ ಕೊಡಬೇಕು ಅಂತ ಸಂವಿಧಾನಕ್ಕೆ 74ನೇ ತಿದ್ದುಪಡಿ ತಂದದ್ದು 1992ರಲ್ಲಿ. ಮೂರು ಲಕ್ಷ ಮೀರಿದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಅಂತ ಅದೇ ಹೇಳಿದ್ದು. ಆ ಕುರ್ಚಿಗಳು ಖಾಲಿ ಬಿದ್ದಾಗ ನಮ್ಮಲ್ಲಿ ಎಷ್ಟು ಜನ ಕೇಳಿದೆವು? ಕೇಳಲು ಬೀದಿಯಲ್ಲಿ ಒಂದು ಗುಂಪೇ ಇರಲಿಲ್ಲ. ಸಮಿತಿ ಬಂದರೂ ಅಲ್ಲಿಗೆ ಹೋಗಿ ಮಾತಾಡುವವರು ಇಲ್ಲದಿದ್ದರೆ ಅದು ಟೀ ಬಿಸ್ಕತ್ತಿನ ಸಭೆ.

‘ಎಷ್ಟು ಮಾಡಿದ್ರೂ ಇಷ್ಟೇ, ಏನೂ ಬದಲಾಗಲ್ಲ.’ ಈ ಮಾತು ಹೇಳುವಾಗ ನಾವು ತುಂಬ ತಿಳಿದವರ ಥರ ಮುಖ ಮಾಡಿಕೊಳ್ಳುತ್ತೇವೆ. 2016ರ ಅಕ್ಟೋಬರ್ 16ರಂದು, ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಬೇಡ ಅಂತ ಸಾವಿರಾರು ಜನ ಕೈ ಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಅದು ದೊಡ್ಡ ಮಾತಾಯಿತು ಅನ್ನುವುದಾದರೆ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೆ ಹೋಗಿ ಬನ್ನಿ. ಸತ್ತೇ ಹೋಗುತ್ತಿದ್ದ ಕೆರೆಗಾಗಿ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡರು. 2011ರಲ್ಲಿ ಪಾಲಿಕೆ ಅದರ ನಿರ್ವಹಣೆಗೆ ಅವರ ಜತೆ ಒಪ್ಪಂದ ಮಾಡಿಕೊಂಡಿತು. ಒಂದು ದಿನ ಸೇತುವೆಗಾಗಿ ನಿಲ್ಲುವುದಕ್ಕಿಂತ ವರ್ಷಗಟ್ಟಲೆ ಒಂದು ಕೆರೆಯ ಕಾವಲಿರುವುದು ಕಷ್ಟ. ನನಗೆ ಈ ಎರಡನೆಯದರ ಮೇಲೇ ಹೆಚ್ಚು ಗೌರವ.

ಸರಿ, ನಾವೇನು ಮಾಡಿದೆವು? ದೊಡ್ಡದೇನೂ ಇಲ್ಲ.

214 ಜನರ ಗುಂಪಿನಲ್ಲಿ ‘ಭಾನುವಾರ ಬೆಳಿಗ್ಗೆ 8ಕ್ಕೆ ದರ್ಶಿನಿ ಮುಂದೆ, ಅರ್ಧ ಗಂಟೆ, ಚಪ್ಪಡಿ ವಿಷಯ ಮಾತ್ರ, ಕಾಫಿ ಅವರವರದ್ದು’ ಅಂತ ಹಾಕಿದೆ. ಅರವತ್ತು ಜನ ಹೆಬ್ಬೆರಳೆತ್ತಿದರು. ಬಂದದ್ದು ಐದು ಜನ. ಇಸ್ತ್ರಿ ಅಂಗಡಿಯವರು ಗುಂಪಿನಲ್ಲೇ ಇರಲಿಲ್ಲ, ಅವರನ್ನು ಹೋಗಿ ಕರೆದೆ. ಪಿಜಿಯಲ್ಲಿರುವ ನರ್ಸ್ ಒಬ್ಬರು ನೈಟ್ ಡ್ಯೂಟಿ ಮುಗಿಸಿ ನೇರ ಬಂದರು. ಅವರದು ತೆಲುಗು. ಒಡಿಶಾದ ಟೆಕ್ಕಿ ಒಬ್ಬ. ನಿವೃತ್ತ ಮೇಷ್ಟ್ರು, ಮನೆ ಮಾಲೀಕರು, ಸಂಘದ ಮೆಂಬರು. ಕಾಂಡಿಮೆಂಟ್ಸ್ ಅಂಗಡಿಯವರು. ನಾನು ಮತ್ತು ನನ್ನ ರೂಮ್‌ಮೇಟ್. ಸಭೆ ಕನ್ನಡದಲ್ಲಿ, ಅರ್ಥವಾಗದವರಿಗೆ ಪಕ್ಕದವರು ಹೇಳುವುದು. ಮೂರು ತಿಂಗಳಲ್ಲಿ ಒಡಿಶಾದವನ ಕನ್ನಡ ನನ್ನ ಹಿಂದಿಗಿಂತ ಚೆನ್ನಾಗಾಯಿತು. ಚರಂಡಿ ಬೈಯುತ್ತಾ ಕಲಿತ ಭಾಷೆ ಬೇಗ ನಾಲಿಗೆಗೆ ಹತ್ತುತ್ತೆ.

ಮೊದಲ ಭಾನುವಾರ ಎರಡು ಅಡ್ಡರಸ್ತೆ ನಡೆದು ಎಣಿಸಿದೆವು. 17 ಕಡೆ ಚಪ್ಪಡಿ ಒಡೆದಿತ್ತು ಅಥವಾ ಇರಲೇ ಇಲ್ಲ. ಪ್ರತಿಯೊಂದಕ್ಕೂ ಫೋಟೋ, ಎದುರು ಮನೆಯ ನಂಬರ್, ಒಂದು ನೂರು ಪುಟದ ನೋಟ್‌ಬುಕ್. ಎರಡನೇ ವಾರ ಕಲಿತ ಪಾಠ, ಯಾರ ಕೆಲಸ ಯಾರದು ಅಂತ ಗೊತ್ತಿರಬೇಕು. ನಗರದಲ್ಲಿ ಕರೆಂಟಿಗೆ 1912, ನೀರು ಮತ್ತು ಒಳಚರಂಡಿಗೆ 1916, ರಸ್ತೆ ಬದಿಯ ಮಳೆನೀರಿನ ಚರಂಡಿ ಪಾಲಿಕೆಯದು, ದೊಡ್ಡ ರಾಜಕಾಲುವೆಗೆ ಬೇರೆಯೇ ವಿಭಾಗ. ತಪ್ಪು ಬಾಗಿಲು ತಟ್ಟಿದರೆ ‘ನಮ್ಮದಲ್ಲ’ ಅನ್ನೋ ಉತ್ತರ ಸಿಗುತ್ತೆ, ನಾವು ವ್ಯವಸ್ಥೆ ಕೆಟ್ಟಿದೆ ಅಂತ ಮನೆಗೆ ಬರುತ್ತೇವೆ. ಪ್ರತಿ ದೂರಿಗೂ ನಂಬರ್ ಪಡೆದೆವು, ಪತ್ರ ಕೊಟ್ಟರೆ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡೆವು. ಒಂದು ಕೆಲಸಕ್ಕೆ ಒಬ್ಬರ ಹೆಸರು. ‘ನಾವೆಲ್ಲ ಫಾಲೋಅಪ್ ಮಾಡೋಣ’ ಅನ್ನುವುದನ್ನು ನಿಷೇಧಿಸಿದೆವು, ಅದು ‘ಯಾರಾದ್ರೂ’ ಅನ್ನುವುದರ ದೊಡ್ಡಣ್ಣ.

ನಾಲ್ಕನೇ ವಾರ ಇಂಜಿನಿಯರ್ ಸಾಹೇಬರು ಬೇಸರದಲ್ಲಿ, ‘ಏನ್ರೀ, ಬೇರೆ ಕೆಲಸ ಇಲ್ವಾ ನಿಮಗೆ?’ ಅಂದರು. ಮೇಷ್ಟ್ರು ಶಾಂತವಾಗಿ, ‘ಇದೆ ಸಾರ್, ಅದನ್ನ ಬಿಟ್ಟು ಬಂದಿದೀವಿ’ ಅಂದರು. ಏಳನೇ ವಾರದ ಹೊತ್ತಿಗೆ 17ರಲ್ಲಿ 14 ಮುಚ್ಚಿದ್ದವು. ಉಳಿದ ಮೂರು ಇನ್ನೂ ನೋಟ್‌ಬುಕ್ಕಿನಲ್ಲಿವೆ.

ನಾವು ಮಾಡದೇ ಇದ್ದದ್ದೂ ಮುಖ್ಯ. ಲೋಗೋ ಮಾಡಲಿಲ್ಲ. ಪದಾಧಿಕಾರಿಗಳನ್ನು ಆರಿಸಲಿಲ್ಲ. ದುಡ್ಡು ಎತ್ತಲಿಲ್ಲ, ಜೆರಾಕ್ಸ್ ಖರ್ಚಿನ ಲೆಕ್ಕ ಮಾತ್ರ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ. ರಿಜಿಸ್ಟರ್ ಮಾಡಿಸಲಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು, ನಮಗೆ ಎಣಿಕೆ ಇತ್ತು. ಆದರೆ ಕೆಲಸಕ್ಕಿಂತ ಮೊದಲು ಹುದ್ದೆ ಹುಟ್ಟಿದರೆ, ಮೊದಲ ಜಗಳ ಬ್ಯಾನರಿನಲ್ಲಿ ಯಾರ ಫೋಟೋ ಮೊದಲು ಅನ್ನುವುದಕ್ಕೇ ಆಗುತ್ತೆ. ಮೊದಲು ನಾಲ್ಕು ಚಪ್ಪಡಿ, ಆಮೇಲೆ ಬೈಲಾ. ಬೈಲಾ ಬರೆಯುವ ದಿನ ಬಂದಾಗ ಮೊದಲ ಸಾಲು ಇದಾಗಿರಲಿ: ಈ ಬೀದಿಯಲ್ಲಿ ವಾಸಿಸುವ ಅಥವಾ ದುಡಿಯುವ ಪ್ರತಿಯೊಬ್ಬರಿಗೂ ಒಂದು ಮತ. ಇಸ್ತ್ರಿ ಅಂಗಡಿಯವರಿಗೂ ಒಂದು, ದುಬೈ ಓನರ್ ಇಲ್ಲಿ ಬಂದು ಇದ್ದರೆ ಅವರಿಗೂ ಒಂದು.

ಇನ್ನು ಅಧ್ಯಕ್ಷರ ಆ ಪ್ರಶ್ನೆ. ‘ನಾಳೆ ಹೋಗ್ತೀರಿ, ಜವಾಬ್ದಾರಿ ಯಾರು ಹೊರೋದು?’ ಅದು ನನ್ನನ್ನು ಬಹಳ ದಿನ ಕಾಡಿತು. ಉತ್ತರ ಸಿಕ್ಕಿದ್ದು ಅವರ ಮನೆಯಲ್ಲೇ.

ಚಪ್ಪಡಿ ಬಿದ್ದ ಮೇಲೆ ಅವರೇ ಒಂದು ಭಾನುವಾರ ದರ್ಶಿನಿಗೆ ಬಂದರು. ಆಮೇಲೆ ಮನೆಗೆ ಕರೆದು ಬೀರು ತೆಗೆದು ತೋರಿಸಿದರು. ಮೂವತ್ತು ವರ್ಷದ ಫೈಲುಗಳು. ಯಾವ ಪೈಪು ಎಲ್ಲಿ ಹೋಗಿದೆ, ಯಾವ ಪಾರ್ಕಿನ ಜಾಗ ಯಾರು ಒತ್ತಿದರು, ಯಾವ ಪತ್ರಕ್ಕೆ ಯಾವ ಕಚೇರಿ ಏನು ಉತ್ತರ ಕೊಟ್ಟಿತು, ಎಲ್ಲ ದಾರ ಕಟ್ಟಿ ಇಟ್ಟಿದ್ದರು. ‘ಮಕ್ಕಳಿಬ್ಬರೂ ಅಮೆರಿಕಾದಲ್ಲಿದ್ದಾರೆ. ನಾನು ಹೋದ ಮೇಲೆ ಇದೆಲ್ಲ ರದ್ದಿಗೆ ಹೋಗುತ್ತೆ ಕಣಮ್ಮ’ ಅಂದರು.

ಅವತ್ತು ನನಗೆ ಹೊಳೆಯಿತು. ಖಾಯಂ ಅನ್ನಿಸಿಕೊಂಡವರೂ ಖಾಯಂ ಅಲ್ಲ. ನನ್ನ ಕರಾರು ಹನ್ನೊಂದು ತಿಂಗಳದ್ದು, ಅವರದು ಎಂಬತ್ತು ವರ್ಷದ್ದು, ಅಷ್ಟೇ ವ್ಯತ್ಯಾಸ. ಇಬ್ಬರೂ ಒಂದು ದಿನ ಕೀ ಕೊಟ್ಟು ಹೋಗುವವರೇ. ಬೀದಿ ಉಳಿಯಬೇಕಾದರೆ ಹೋಗುವವರು ಬರುವವರ ಕೈಗೆ ಫೈಲು ಕೊಟ್ಟು ಹೋಗಬೇಕು. ಆ ಕೆಲಸ ಮೂವತ್ತು ವರ್ಷದಲ್ಲಿ ಅವರೂ ಮಾಡಲಿಲ್ಲ, ಐದು ಮನೆ ಬಿಡುವಾಗ ನಾನೂ ಮಾಡಲಿಲ್ಲ.

ಇದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಕಂಪನಿ ಬಿಡುವಾಗ ಎರಡು ಮೂರು ತಿಂಗಳು ನೋಟಿಸ್ ಪೀರಿಯಡ್‌ನಲ್ಲಿ ಕೂತು ಕೆಟಿ ಕೊಡುತ್ತೇವೆ. ಡಾಕ್ಯುಮೆಂಟ್ ಬರೆಯುತ್ತೇವೆ, ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತೇವೆ. ನಮ್ಮ ಹೆಸರೂ ನೆನಪಿಟ್ಟುಕೊಳ್ಳದ ಕಂಪನಿಗೆ ಇಷ್ಟು ಮಾಡುವವರು, ನಾಲ್ಕು ವರ್ಷ ಅನ್ನ ನೀರು ಕೊಟ್ಟ ಬೀದಿ ಬಿಡುವಾಗ ಮಾತ್ರ ಪ್ಯಾಕರ್ಸ್ ಗಾಡಿ ಹತ್ತಿಸಿ, ಡೆಪಾಸಿಟ್ಟಿಗೆ ಜಗಳ ಮಾಡಿ, ವಾಟ್ಸಾಪ್ ಗುಂಪಿಂದ ಎಕ್ಸಿಟ್ ಆಗಿ ಹೋಗುತ್ತೇವೆ. ಊರಿಗೆ ಕೊಡಬೇಕಾದ ಕೆಟಿ ಬಾಕಿ ಉಳಿಯುತ್ತೆ. ಮುಂದೆ ಬರುವವರು ಮತ್ತೆ ಸೊನ್ನೆಯಿಂದ ಶುರು ಮಾಡುತ್ತಾರೆ. ಇಂಜಿನಿಯರ್ ಸಾಹೇಬರು ಮತ್ತೆ ಹೊಸ ಮುಖಕ್ಕೆ ಹಳೆಯ ‘ನೋಡೋಣ’ ಹೇಳುತ್ತಾರೆ.

ಹಾಗಾಗಿ ನಮ್ಮ ಗುಂಪಿನಲ್ಲಿ ಈಗ ಒಂದೇ ಕಟ್ಟುನಿಟ್ಟಿನ ನಿಯಮ. ಮನೆ ಖಾಲಿ ಮಾಡುವವರು ಓನರ್‌ಗೆ ನೋಟಿಸ್ ಕೊಟ್ಟ ವಾರವೇ ಗುಂಪಿಗೂ ಹೇಳಬೇಕು, ತಮ್ಮ ಕೆಲಸಕ್ಕೆ ಇನ್ನೊಬ್ಬರನ್ನು ತಂದು ನಿಲ್ಲಿಸಬೇಕು. ಇಷ್ಟಾದರೆ ಬಂದು ಹೋಗುವವರು ಜಾಸ್ತಿ ಇರುವುದು ಗುಂಪಿಗೆ ಬಲವೇ. ಒಂದು ಬೀದಿಯಲ್ಲಿ ಪಳಗಿದವರು ಇನ್ನೊಂದು ಬೀದಿಗೆ ಹೋಗುತ್ತಾರೆ, ಅಲ್ಲಿ ಇನ್ನೊಂದು ನೋಟ್‌ಬುಕ್ ತೆರೆಯುತ್ತದೆ. ಖಾಯಂ ನಿವಾಸಿಗಳ ಸಂಘ ಒಂದು ಬಡಾವಣೆಗೆ ಸೀಮಿತ. ನಾವು ಊರೆಲ್ಲ ಹರಡಬಲ್ಲೆವು.

ನೀವು ಯಾವ ಏರಿಯಾದಲ್ಲಿದ್ದೀರೋ ನನಗೆ ಗೊತ್ತಿಲ್ಲ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇನ್ನೂ ದಾವಣಗೆರೆಯಲ್ಲೋ ಮಂಡ್ಯದಲ್ಲೋ ಇದ್ದರೆ, ನಮೂನೆ 8 ತುಂಬಿ ಈಗಿರುವ ವಿಳಾಸಕ್ಕೆ ತನ್ನಿ. ಆಮೇಲೆ ಈ ಭಾನುವಾರ ನಿಮ್ಮ ಬೀದಿಯನ್ನು ಆ ತುದಿಯಿಂದ ಈ ತುದಿಗೆ ಒಮ್ಮೆ ನಡೆಯಿರಿ, ಫೋನು ಜೇಬಿನಲ್ಲಿಟ್ಟುಕೊಂಡು. ಏನು ಕಾಣುತ್ತೋ ಬರೆದುಕೊಳ್ಳಿ. ನಾಲ್ಕು ಬಾಗಿಲು ತಟ್ಟಿ. ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಮುಂದಿನ ಭಾನುವಾರದ ಟೈಮು ಹೇಳಿ ಮನೆಗೆ ಬನ್ನಿ.

ಹೂವಿನ ಅಜ್ಜಿ ಮತ್ತೆ ಬುಟ್ಟಿ ಹೊತ್ತು ಬರಲಿಲ್ಲ. ಸೊಸೆ ಬರುತ್ತಾರೆ. ಅಜ್ಜಿ ಗೋಡೆ ಹಿಡಿದು ನಡೆಯುತ್ತಾರಂತೆ. ಚಪ್ಪಡಿ ಬಿತ್ತು ಅಂತ ಹೇಳಿ ಕಳಿಸಿದಾಗ ‘ಒಳ್ಳೇದಾಯ್ತು, ಇನ್ಯಾರೂ ಬೀಳಲ್ಲ ಬಿಡಿ’ ಅಂದರಂತೆ. ಒಂಬತ್ತು ವಾರ ಮೊದಲೇ ನಾನು ಒಂದು ಫೋನ್ ಮಾಡಿದ್ದರೆ ಅವರೂ ಬೀಳುತ್ತಿರಲಿಲ್ಲ. ಈ ಲೆಕ್ಕ ಯಾವ ನೋಟ್‌ಬುಕ್ಕಿನಲ್ಲೂ ಚುಕ್ತಾ ಆಗುವುದಿಲ್ಲ.

ಹೋದ ತಿಂಗಳು ನನ್ನ ಕರಾರು ಮುಗಿಯಿತು. ಆಫೀಸ್ ದೂರವಾಗಿ ಆರನೇ ಮನೆಗೆ ಬಂದಿದ್ದೇನೆ. ಹೊರಡುವ ಮೊದಲು ಮೂರು ಭಾನುವಾರ ಕೂತು ನೋಟ್‌ಬುಕ್ಕನ್ನೂ, ಅಧ್ಯಕ್ಷರ ಫೈಲುಗಳ ಪಟ್ಟಿಯನ್ನೂ ಆ ನರ್ಸ್ ಕೈಗೆ ಒಪ್ಪಿಸಿದೆ. ಇಲ್ಲಿ ನಮ್ಮ ಗೇಟಿನೆದುರು ಬೀದಿದೀಪ ಉರಿಯುತ್ತಿಲ್ಲ. ಹೊಸ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಆಗಲೇ ಬಂದಿದೆ, ಕೆಳಗೆ ‘ಯಾರಾದ್ರೂ ಹೇಳಿ ಪ್ಲೀಸ್’ ಅಂತಲೂ ಇದೆ.

ದೂರು ಕೊಟ್ಟು ನಂಬರ್ ಬರೆದುಕೊಂಡಿದ್ದೇನೆ. ಹತ್ತಿರದಲ್ಲಿ ಒಂದು ದರ್ಶಿನಿ ಹುಡುಕಬೇಕು.